ಹತ್ತಿರ ಹೋಗುವುದಲ್ಲ, ಹತ್ತಿರ ಬರಗೊಡುವುದು

ಬ್ರಹ್ಮಾವರ ತಾಲ್ಲೂಕಿನ ಕೊಕ್ಕರ್ಣೆಯಲ್ಲಿ ನಮ್ಮ ಬಂಧುಗಳ ಮನೆಯಿದೆ. ಅಂಗಳ ದಾಟಿದರೆ ಅಡಕೆಯ ತೋಟ, ತೋಟ ದಾಟಿದರೆ ಹಾಡಿ. ಕಳೆದ ಬೇಸಿಗೆಯ ರಜೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಆ ಮನೆಯ ಹುಡುಗನು ತಾನು ತೆಗೆದ ಹಕ್ಕಿಗಳ ಚಿತ್ರಗಳನ್ನು ತೋರಿಸಿ, “ದೊಡ್ಡಪ್ಪಾ, ಮುಂದೆ ಹೋದರೆ ಹಾರಿಹೋಗುತ್ತದೆ, ಹಿಂದೆ ನಿಂತರೆ ಚುಕ್ಕೆಯಂತೆ ಕಾಣುತ್ತದೆ. ಏನು ಮಾಡಲಿ?” ಎಂದು ಕೇಳಿದನು. ಇಂದು ಅನೇಕ ಮನೆಗಳಲ್ಲಿ ಮಕ್ಕಳ ಕೈಗೆ ಕ್ಯಾಮೆರಾ ಬಂದಿರುವುದರಿಂದ, ಅವನಿಗೆ ಹೇಳಿದುದನ್ನೇ ಓದುಗ ಬಂಧುಗಳಿಗೂ ನಿವೇದಿಸುತ್ತೇವೆ.

ಸೂರಕ್ಕಿಯ ಉದ್ದ ಸುಮಾರು 10 ಸೆಂಟಿಮೀಟರು. ಬದನಿಕೆ ಹಕ್ಕಿಯದು ಅದಕ್ಕಿಂತಲೂ ಕಡಿಮೆ, ಸುಮಾರು 8. ಇಷ್ಟು ಸಣ್ಣ ಜೀವಿಯನ್ನು 400 ಮಿಲಿಮೀಟರಿನ ಮಸೂರದಿಂದ 4 ಮೀಟರು ದೂರದಲ್ಲಿ, ಎಫ್ 5.6ರಲ್ಲಿ ತೆಗೆದರೆ, ಚಿತ್ರದಲ್ಲಿ ಸ್ಫುಟವಾಗಿ ಮೂಡುವ ಆಳ ಎರಡು ಮೂರು ಸೆಂಟಿಮೀಟರು ಮಾತ್ರ. ಕೊಕ್ಕು ಸ್ಫುಟವಾದರೆ ಬಾಲ ಮಸುಕು. ಆದ್ದರಿಂದ ಗುರಿಯನ್ನು ಕಣ್ಣಿನ ಮೇಲೆಯೇ ಇಡಬೇಕು. ಕಣ್ಣು ಸ್ಫುಟವಾಗಿದ್ದರೆ ಉಳಿದ ಮಸುಕನ್ನು ನೋಡುವವರು ಕ್ಷಮಿಸುತ್ತಾರೆ. ಎಫ್ 8ಕ್ಕೆ ಹೋದರೆ ಆಳ ತುಸು ಹೆಚ್ಚುತ್ತದೆ, ಆದರೆ ಬೆಳಕು ಅರ್ಧವಾಗುತ್ತದೆ. ಹಕ್ಕಿಯು ಅಡ್ಡಲಾಗಿ ಕುಳಿತು ತಲೆಯನ್ನು ನಮ್ಮತ್ತ ಕೊಂಚ ತಿರುಗಿಸುವವರೆಗೆ ಕಾಯುವುದೇ ಮೇಲು.

ಸಣ್ಣ ಹಕ್ಕಿ ಒಂದು ಕ್ಷಣವೂ ಸುಮ್ಮನಿರದು. ಸೆಕೆಂಡಿನ ಸಾವಿರದಲ್ಲೊಂದು ಭಾಗದ ವೇಗವಾದರೂ ಬೇಕು. ಅದಕ್ಕಾಗಿ ಐಎಸ್‌ಒ ಏರಿಸಲು ಹಿಂಜರಿಯಬಾರದು. ಕಾಳಿನ ಕಣದಂತೆ ಕಾಣುವ ಚಿತ್ರವನ್ನು ಸರಿಪಡಿಸಬಹುದು, ಕದಲಿದ ಚಿತ್ರವನ್ನು ಸರಿಪಡಿಸುವುದು ಕಷ್ಟ. ಅಕ್ಕಿ ತುಂಬಿದ ಬಟ್ಟೆಯ ಚೀಲವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮಸೂರವನ್ನು ಅದಕ್ಕೊರಗಿಸಿದರೆ ಕೈನಡುಕ ನಿಲ್ಲುತ್ತದೆ. ಹಕ್ಕಿಯ ಹಿಂದಿನ ಹಸಿರು ದೂರವಿದ್ದಷ್ಟೂ ಹಕ್ಕಿ ಎದ್ದು ಕಾಣುತ್ತದೆ. ಗಂಡು ಸೂರಕ್ಕಿಯ ಮಿರುಗು ಗರಿಯ ರಚನೆಯು ಬೆಳಕನ್ನು ಹಿಂದಿರುಗಿಸುವ ಬಗೆಯಿಂದ ಹುಟ್ಟುವಂಥದು. ಬೆಳಗಿನ ಬಿಸಿಲು ನಮ್ಮ ಬೆನ್ನಿಗಿದ್ದರೆ ಅದು ಬೆಳಗುತ್ತದೆ. ಇಲ್ಲದಿದ್ದರೆ ಆ ಹಕ್ಕಿ ಕಪ್ಪಾಗಿಯೇ ತೋರುತ್ತದೆ.

ಆದರೆ ಇವೆಲ್ಲಕ್ಕಿಂತ ದೊಡ್ಡ ಪಾಠ ಬೇರೆಯೇ ಇದೆ. ಅದನ್ನು ನಾವು ತಪ್ಪು ಮಾಡಿ ಕಲಿತೆವು.

ಹಲವು ವರ್ಷಗಳ ಹಿಂದೆ ನಮ್ಮ ಹಿತ್ತಲಿನಲ್ಲಿ ಸೂರಕ್ಕಿಯೊಂದು ಗೂಡು ಕಟ್ಟಿತ್ತು. ನಾರು, ತೊಗಟೆಯ ಚೂರುಗಳನ್ನು ಜೇಡರ ಬಲೆಯಿಂದ ಬೆಸೆದ, ಬದಿಯಲ್ಲಿ ಬಾಗಿಲಿದ್ದ ಪುಟ್ಟ ಜೋಳಿಗೆ. ಎಲೆಗಳು ಅಡ್ಡವಾಗುತ್ತವೆಂದು ನಾವು ಎರಡು ಟೊಂಗೆಗಳನ್ನು ಹಗ್ಗದಿಂದ ಆಚೆಗೆ ಕಟ್ಟಿದೆವು. ತಾಯಿ ಮರಿಗೆ ತುತ್ತುಣಿಸುವ ಚಿತ್ರ ದೊರೆಯಿತು. ಮರುದಿನ ನೋಡುವಾಗ ಗೂಡು ಹರಿದಿತ್ತು, ಮರಿಗಳಿರಲಿಲ್ಲ. ಕಾಗೆಯೊಂದು ಅದೇ ಟೊಂಗೆಯ ಮೇಲೆ ಕುಳಿತಿತ್ತು. ಎಲೆಗಳು ನಮ್ಮ ಕ್ಯಾಮೆರಾಕ್ಕೆ ಅಡ್ಡಿಯಾಗಿದ್ದವು, ಆ ಮರಿಗಳಿಗೆ ಅವೇ ಆಸರೆಯಾಗಿದ್ದವು. ಚಿತ್ರವು ಸೊಗಸಾಗಿಯೇ ಬಂದಿತ್ತು. ಅದನ್ನು ನಾವು ಈವರೆಗೆ ಯಾರಿಗೂ ತೋರಿಸಿಲ್ಲ.

ಟಿ.ಎನ್.ಎ. ಪೆರುಮಾಳ್ (1932–2017), ಇ. ಹನುಮಂತರಾವ್ (1930–2000) ಮುಂತಾದ ನಮ್ಮ ನಾಡಿನ ಹಿರಿಯರು ಫಿಲ್ಮಿನ ಕಾಲದಲ್ಲಿ ದುಡಿದವರು. ಒಂದು ಸುರುಳಿಯಲ್ಲಿ 36 ಚಿತ್ರ, ಕೈಯಿಂದಲೇ ಗುರಿ. ಮರೆಯಲ್ಲಿ ಅಡಗಿ ಗೂಡಿನ ಬಳಿ ಚಿತ್ರ ತೆಗೆಯುವುದು ಆ ತಲೆಮಾರಿನ ರೂಢಿಯಾಗಿತ್ತು. ಇಂದು ಹಕ್ಕಿಯ ಕಣ್ಣನ್ನು ತಾನಾಗಿ ಗುರುತಿಸುವ ಕ್ಯಾಮೆರಾಗಳೇ ಇವೆ. ಗೂಡಿಗೆ ಹೋಗಲು ನೆಪ ಉಳಿದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಯ ಮೊಟ್ಟೆ ಅಥವಾ ಗೂಡನ್ನು ಕದಲಿಸುವುದನ್ನು ಬೇಟೆಯ ಅರ್ಥದೊಳಗೇ ಸೇರಿಸಿದೆ. ಧ್ವನಿಮುದ್ರಿತ ಕೂಗನ್ನು ನುಡಿಸಿ ಕರೆಯುವುದೂ ತಕ್ಕುದಲ್ಲ. ಎದುರಾಳಿ ಬಂದನೆಂದು ಭ್ರಮಿಸಿ ಗಂಡುಹಕ್ಕಿ ಮೇವು, ಮರಿಗಳನ್ನು ಮರೆತು ಕಾದಾಡಲು ಬರುತ್ತದೆ.

ಹಾಗಾದರೆ ಹತ್ತಿರದ ಚಿತ್ರ ಹೇಗೆ? ಸೂರಕ್ಕಿ ದಾಸವಾಳದ ಅದೇ ಗಿಡಕ್ಕೆ ಮತ್ತೆ ಮತ್ತೆ ಬರುತ್ತದೆ. ಆ ಗಿಡದ ಸಮೀಪ, ಮಾಸಲು ಬಣ್ಣದ ಉಡುಪಿನಲ್ಲಿ, ಹಕ್ಕಿಯ ಎತ್ತರಕ್ಕೆ ಸಮನಾಗಿ ಮೊದಲೇ ಕುಳಿತಿರಬೇಕು. ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ಎರಡು ಬೆರಳು ನೀರಿಟ್ಟು, ಬದಿಗೆ ಒಂದು ಒಣಕಡ್ಡಿ ನೆಟ್ಟರೆ, ಪಿಕಳಾರವೂ ಟುವ್ವಿಹಕ್ಕಿಯೂ ನೀರಿಗಿಳಿಯುವ ಮುನ್ನ ಆ ಕಡ್ಡಿಯ ಮೇಲೆ ಕೂರುವ ಸಂಭವ ಹೆಚ್ಚು. ನೀರನ್ನು ನಿತ್ಯ ಬದಲಿಸಬೇಕು. ಹಕ್ಕಿಯು ಮೇಯುವುದನ್ನು ನಿಲ್ಲಿಸಿ ಕತ್ತು ನೀಳಮಾಡಿ ನೋಡಿದರೆ, ಅಥವಾ ಕೊಕ್ಕಿನಲ್ಲಿ ತುತ್ತು ಹಿಡಿದು ಗೂಡಿಗೆ ಹೋಗದೆ ಕೂಗುತ್ತಿದ್ದರೆ, ನಾವು ಹೆಚ್ಚು ಹತ್ತಿರವಾದೆವೆಂದೇ ಅರ್ಥ. ಆಗ ಮೆಲ್ಲನೆ ಹಿಂದೆ ಸರಿಯಬೇಕು.

ಕೊಕ್ಕರ್ಣೆಯ ಹುಡುಗನು ನಾಲ್ಕು ಮುಂಜಾನೆ ಜಗಲಿಯ ಕಂಬದ ಮರೆಯಲ್ಲಿ ಕುಳಿತನು. ಮೂರು ದಿನ ಏನೂ ದೊರೆಯಲಿಲ್ಲ. ನಾಲ್ಕನೆಯ ದಿನದ ಚಿತ್ರವನ್ನು ಅವನು ನಮಗೆ ಕಳುಹಿಸಿದ್ದಾನೆ. ದಾಸವಾಳದ ತೊಟ್ಟಿನ ಮೇಲೆ ಸೂರಕ್ಕಿ. ಅದರ ಕಣ್ಣಿನಲ್ಲಿ ಸೂರ್ಯನ ಒಂದು ಬಿಂದು. ಹಕ್ಕಿ ಹೂವಿನೊಳಗೆ ಕೊಕ್ಕಿಟ್ಟು ನೆಮ್ಮದಿಯಿಂದ ಮಕರಂದ ಹೀರುತ್ತಿದೆ. ಹುಡುಗನು ಇದ್ದುದು ಅದಕ್ಕೆ ತಿಳಿದಿತ್ತೋ ಇಲ್ಲವೋ. ಅದರ ಊಟಕ್ಕಂತೂ ತೊಂದರೆಯಾಗಿರಲಿಲ್ಲ.