ಬೊಜ್ಜು ಶಸ್ತ್ರಚಿಕಿತ್ಸೆಯ ನಂತರದ ಆರೈಕೆ: ಹೊನ್ನಾವರ, ಭಟ್ಕಳ, ಕುಮಟಾ ತಾಲ್ಲೂಕುಗಳ ಹಕ್ಕೊತ್ತಾಯ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಕರ್ನಾಟಕ ಸರ್ಕಾರ, ಬೆಂಗಳೂರು
(ಮಾನ್ಯ ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ, ಕಾರವಾರ – ಇವರ ಮೂಲಕ)

ಮಾನ್ಯರೇ,

ಬೊಜ್ಜು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಈ ಕರಾವಳಿಯಲ್ಲಿ ಬದುಕುತ್ತಿರುವ ನಾವು ಮತ್ತು ನಮ್ಮ ಮನೆಯವರು ಹೊನ್ನಾವರ ತಾಲ್ಲೂಕಿನ ಕಾಸರಕೋಡಿನಿಂದ ಈ ಪತ್ರ ಸಲ್ಲಿಸುತ್ತಿದ್ದೇವೆ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಕಟ್ಟುವ ಉಸಿರು, ಸವೆದ ಮಂಡಿ ಇವುಗಳಿಗೆ ವೈದ್ಯರೇ ಬರೆದುಕೊಟ್ಟ ಚಿಕಿತ್ಸೆ ಇದು. ಜಠರದ ಬಹುಭಾಗ ತೆಗೆಯುವ ಸ್ಲೀವ್ ಆಗಲಿ, ಕರುಳಿನ ದಾರಿ ಬದಲಿಸುವ ಬೈಪಾಸ್ ಆಗಲಿ, ಹೊಲಿಗೆಯ ಗಾಯ ಕೆಲವೇ ವಾರಗಳಲ್ಲಿ ಮಾಯುತ್ತದೆ. ವಿಟಮಿನ್ ಮಾತ್ರೆ ಮತ್ತು ರಕ್ತಪರೀಕ್ಷೆ ಮಾತ್ರ ಜೀವ ಇರುವವರೆಗೂ ತಪ್ಪುವುದಿಲ್ಲ.

ಕೈಬಟ್ಟಲಿನಷ್ಟೇ ಹಿಡಿಸುವ ಹೊಟ್ಟೆಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಸೇರಬೇಕು. ಹಾಗಾಗಿ ನಮ್ಮ ತಟ್ಟೆಯಲ್ಲಿ ಬಂಗುಡೆಯ ತುಂಡು ಮೊದಲು, ಜಾಗ ಉಳಿದರೆ ಗಂಜಿ. ಊಟದ ಜೊತೆ ನೀರು ಕುಡಿಯುವಂತಿಲ್ಲ, ಗಬಗಬ ನುಂಗುವಂತಿಲ್ಲ, ಒಂದು ಲೋಟ ಪಾಯಸಕ್ಕೆ ಬೆವರಿ, ಎದೆ ಹೊಡೆದುಕೊಂಡು ಮಲಗಬೇಕಾಗುತ್ತದೆ.

ಇಷ್ಟು ನಿಗಾ ಬೇಡುವ ದೇಹ ಹೊತ್ತವರಿಗೆ ಪ್ರತಿ ತಪಾಸಣೆಗೂ ದೂರದ ಮಣಿಪಾಲ, ಮಂಗಳೂರು, ಹುಬ್ಬಳ್ಳಿಯೇ ಗತಿ. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಕೊಡಿ ಎಂದು ಜನ 2019ರಲ್ಲಿ ಕೇಳಿದರು, 2022ರಲ್ಲಿ ಮತ್ತೆ ಕೇಳಿದರು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿಗೆ ಅಪ್ಪಳಿಸಿ ನಾಲ್ವರು ಸತ್ತರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಕಾರವಾರದ ಹೆದ್ದಾರಿಯೂ ದಿನಗಟ್ಟಲೆ ಮುಚ್ಚಿತು. ದಾರಿಯೇ ಹೀಗಿರುವಾಗ ಆರೈಕೆಯನ್ನು ನಮ್ಮ ಊರಿಗೆ ತರುವುದು ಸರ್ಕಾರದ ಹೊಣೆ. ನಮಗೆ ಸಲ್ಲಬೇಕಾದ್ದು ಇಂತಿದೆ:

1. ಹೊನ್ನಾವರ, ಭಟ್ಕಳ, ಕುಮಟಾ ತಾಲ್ಲೂಕು ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ವಿಭಾಗದಲ್ಲಿ ಬೊಜ್ಜು ಶಸ್ತ್ರಚಿಕಿತ್ಸೆಯಾದವರ ಮರುತಪಾಸಣೆಗೆ ತಿಂಗಳಿಗೊಂದು ದಿನ ಗೊತ್ತುಮಾಡಬೇಕು.

2. ಬಿ12, ಕಬ್ಬಿಣಾಂಶ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಪರೀಕ್ಷೆಗಳನ್ನು ಮೊದಲ ವರ್ಷದ 3, 6, 12ನೇ ತಿಂಗಳಲ್ಲಿಯೂ ಆಮೇಲೆ ವರ್ಷಕ್ಕೊಮ್ಮೆಯೂ ಅಲ್ಲಿಯೇ ಉಚಿತವಾಗಿ ಮಾಡಬೇಕು.

3. ಬಿ12 ಚುಚ್ಚುಮದ್ದು, ಕಬ್ಬಿಣದ ಮಾತ್ರೆ, ಕಡಿಮೆ ಆಮ್ಲವಿರುವ ಹೊಟ್ಟೆಗೂ ಹಿಡಿಸುವ ಕ್ಯಾಲ್ಸಿಯಂ ಸಿಟ್ರೇಟ್ ಮತ್ತು ಬಹುವಿಟಮಿನ್‌ಗಳನ್ನು ಬಿಪಿಎಲ್ ಕುಟುಂಬಗಳಿಗೆ ಜೀವನಪೂರ್ತಿ ಉಚಿತವಾಗಿ ಕೊಡಬೇಕು.

4. ದಿನಗಟ್ಟಲೆ ವಾಂತಿಯಾಗಿ ಬರುವ ನಮ್ಮಂಥವರಿಗೆ ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ವಿಟಮಿನ್ ಬಿ1 ಚುಚ್ಚುಮದ್ದು ಕೊಡಬೇಕೆಂಬ ಲಿಖಿತ ಸೂಚನೆ, ಮಿದುಳಿಗಾಗುವ ಶಾಶ್ವತ ಹಾನಿ ತಪ್ಪಿಸುವ ಸಲುವಾಗಿ, ಪ್ರತಿ ತುರ್ತು ಘಟಕದಲ್ಲಿರಬೇಕು.

5. ಬೈಪಾಸ್ ಆದವರ ತೀವ್ರ ಹೊಟ್ಟೆನೋವನ್ನು ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸದೆ, ಕರುಳು ಸಿಕ್ಕಿಕೊಂಡಿರುವ ಶಂಕೆಯಿಂದ ನೋಡಿ, ಸ್ಕ್ಯಾನ್ ಮತ್ತು ಸರ್ಜನ್ ಇರುವ ಆಸ್ಪತ್ರೆಗೆ 108 ವಾಹನದಲ್ಲಿ ಕೂಡಲೇ ಸಾಗಿಸಬೇಕು.

6. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳಿಂದ ಬೈಪಾಸ್ ಜೋಡಣೆಯಲ್ಲಿ ಹುಣ್ಣಾಗುವ ಅಪಾಯವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೂ ಔಷಧಿ ಅಂಗಡಿಗಳಿಗೂ ತಿಳಿಸಬೇಕು.

7. ಬೈಪಾಸ್ ಆದ ಗರ್ಭಿಣಿಯರಿಗೆ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು 75 ಗ್ರಾಂ ಗ್ಲೂಕೋಸ್ ನೀರು ಕುಡಿಸದೆ ಬೆರಳ ರಕ್ತದಿಂದ ವಾರವಿಡೀ ಸಕ್ಕರೆ ಅಳೆಯಬೇಕು ಮತ್ತು ಶಸ್ತ್ರಚಿಕಿತ್ಸೆಯ ನಂತರ 12ರಿಂದ 18 ತಿಂಗಳು ಗರ್ಭಧಾರಣೆ ಮುಂದೂಡಲು ಬೇಕಾದ ಸಲಹೆ, ಸೌಲಭ್ಯ ಕೊಡಬೇಕು.

8. ಕುಚ್ಚಲಕ್ಕಿ, ಮೀನು, ತೆಂಗಿನಕಾಯಿಯ ಊಟ ಬಲ್ಲ, ಕನ್ನಡದ ಜೊತೆಗೆ ಕೊಂಕಣಿ, ನವಾಯತಿಯಲ್ಲೂ ತಿಳಿಹೇಳಬಲ್ಲ ಆಹಾರ ತಜ್ಞರನ್ನು ಮೂರೂ ತಾಲ್ಲೂಕುಗಳಿಗೆ ನೇಮಿಸಬೇಕು.

9. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧದ 61 ದಿನ ನಮ್ಮ ಬಡ ಕುಟುಂಬಗಳಿಗೆ ಮೀನಿನ ಬದಲು ಮೊಟ್ಟೆ ಮತ್ತು ಬೇಳೆಕಾಳು ಒದಗಿಸಬೇಕು.

10. ಮೀನು ಒಣಗಿಸುವ, ಬುಟ್ಟಿ ಹೊರುವ ಹೆಂಗಸರಿಗೆ ಎರಡು ಮೂರು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಲು ಬಿಡುವು ಸಿಗುವಂತೆಯೂ, ಅದಕ್ಕೆ ಕೂಲಿ ಮುರಿಯದಂತೆಯೂ ಕಾರ್ಮಿಕ ಇಲಾಖೆಯಿಂದ ಆದೇಶ ಹೊರಡಿಸಬೇಕು.

11. ಯಾವ ವಿಧದ ಶಸ್ತ್ರಚಿಕಿತ್ಸೆ ಆಯಿತು, ಮುಂದೆ ಏನೇನು ಪರೀಕ್ಷೆ ಬೇಕು ಎಂಬುದನ್ನು ಎಲ್ಲ ಆಸ್ಪತ್ರೆಗಳೂ ಬಿಡುಗಡೆ ಪತ್ರದಲ್ಲಿ ಕನ್ನಡದಲ್ಲಿ ಬರೆದುಕೊಡಬೇಕು ಮತ್ತು ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆ ಒದಗಿಸಬೇಕೆಂಬ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮವನ್ನು ಪಾಲಿಸಬೇಕು.

12. ಜೀವಮಾನದ ಔಷಧಿ, ಪರೀಕ್ಷೆಗಳ ಖರ್ಚನ್ನು ಮೊದಲೇ ತಿಳಿಸದೆ ಶಸ್ತ್ರಚಿಕಿತ್ಸೆ ಮಾಡುವವರ ಮೇಲಿನ ದೂರುಗಳನ್ನು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರಗಳು ಕಾಲಮಿತಿಯಲ್ಲಿ ಇತ್ಯರ್ಥಪಡಿಸಬೇಕು.

13. ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 40, ಅಥವಾ ತೀವ್ರ ಸಹಕಾಯಿಲೆ ಇದ್ದರೆ 35 ಮುಟ್ಟಿದ ಅಥವಾ ದಾಟಿದವರ ಶಸ್ತ್ರಚಿಕಿತ್ಸೆಯನ್ನು ಚಿಕಿತ್ಸೆಯೆಂದೇ ಒಪ್ಪಿರುವುದರಿಂದ, ತೂಕ ಇಳಿದ ಮೇಲೆ ಜೋತು, ಬೆವರಿಗೆ ಹುಣ್ಣಾಗುವ ಚರ್ಮ ತೆಗೆಸುವುದನ್ನು ವಿಮಾ ಕಂಪನಿಗಳು ಸೌಂದರ್ಯ ಚಿಕಿತ್ಸೆಯೆಂದು ತಳ್ಳಿಹಾಕದಂತೆ ರಾಜ್ಯ ಸರ್ಕಾರ ಕೇಂದ್ರದಿಂದ ಆದೇಶ ತರಿಸಬೇಕು.

14. ಕಾರವಾರದ ಕ್ರಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಸರ್ಜನ್, ಫಿಜಿಷಿಯನ್, ಆಹಾರ ತಜ್ಞ ಮತ್ತು ಮನೋವೈದ್ಯರ ತಂಡ ರಚಿಸಿ, ತಾಲ್ಲೂಕು ವೈದ್ಯರಿಗೆ ದೂರವಾಣಿ ಹಾಗೂ ವಿಡಿಯೊ ಮೂಲಕ ಸಲಹೆ ಸಿಗುವಂತೆ ಮಾಡಬೇಕು.

15. ಮೇಲಿನ ಪ್ರತಿಯೊಂದಕ್ಕೂ ಹೊಣೆಗಾರ ಅಧಿಕಾರಿ ಯಾರು, ಯಾವ ದಿನಾಂಕದೊಳಗೆ ಜಾರಿ ಎಂಬುದನ್ನು ಈ ಪತ್ರ ತಲುಪಿದ 30 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು.

ಈ ಪಟ್ಟಿಯ ಬಹುಪಾಲು ಕೆಲಸಕ್ಕೆ ಹೊಸ ಕಟ್ಟಡ ಬೇಕಿಲ್ಲ, ಇರುವ ಆಸ್ಪತ್ರೆಗಳಿಗೆ ಒಂದು ಆದೇಶ, ಔಷಧಿ ದಾಸ್ತಾನು ಮತ್ತು ಸಿಬ್ಬಂದಿ ಸಾಕು. ನಿಗದಿತ ಅವಧಿಯಲ್ಲಿ ಉತ್ತರ ಬಾರದಿದ್ದರೆ ನಮ್ಮ ರಕ್ತಪರೀಕ್ಷೆಯ ವರದಿಗಳನ್ನು ಹಿಡಿದು ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ನಾವೇ ಬರುತ್ತೇವೆ.

ಇತಿ,
ಹೊನ್ನಾವರ, ಭಟ್ಕಳ, ಕುಮಟಾ ತಾಲ್ಲೂಕುಗಳ ಬೊಜ್ಜು ಶಸ್ತ್ರಚಿಕಿತ್ಸೆಯಾದವರು ಮತ್ತು ಕುಟುಂಬದವರು
ಕಾಸರಕೋಡ