ನಕ್ಷೆಯ ಗೆರೆ ಮತ್ತು ನೀಲಿ ರೆಕ್ಕೆ

ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಪತಂಗದ ಚಿತ್ರ ಕಳುಹಿಸಿದ್ದಾನೆ. ಅವನ ಮನೆಯ ಗೋಡೆಯ ಮೇಲೆ ಕುಳಿತಿತ್ತಂತೆ, ಸುಮಾರು ಅಂಗೈಯಗಲ. ಮುಂದಿನ ರೆಕ್ಕೆಗಳು ತೊಗಟೆಯಂತೆ ಬೂದು; ಬೆದರಿ ಅವನ್ನು ಸರಿಸಿದಾಗ ಒಳಗಿನ ಕಪ್ಪು ರೆಕ್ಕೆಗಳಲ್ಲಿ ತಿಳಿನೀಲಿಯ ಪಟ್ಟಿ. ಜೊತೆಗೊಂದು ಪ್ರಶ್ನೆ: "ಸಾರ್, ಇದು ಇಲ್ಲಿಯದೋ, ಹೊರಗಿನಿಂದ ಬಂದದ್ದೋ?"

ಇದರ ಶಾಸ್ತ್ರೀಯ ನಾಮ ಕ್ಯಾಟೊಕಾಲ ಫ್ರಾಕ್ಸಿನಿ. 'ಫ್ರಾಕ್ಸಿನಿ' ಎಂಬುದನ್ನು ಲಿನೇಯಸ್ 1758ರಲ್ಲಿ ಇಟ್ಟ. ಆ್ಯಶ್ ಮರಕ್ಕೆ ಸೇರಿದ್ದು ಎಂದು ಅದರ ಅರ್ಥ. ಆದರೆ ಇದರ ಹುಳು ಮುಖ್ಯವಾಗಿ ತಿನ್ನುವುದು ಆಸ್ಪೆನ್ ಮತ್ತು ಪಾಪ್ಲರ್ ಮರಗಳ ಎಲೆಗಳನ್ನು! ಅಷ್ಟು ದೊಡ್ಡವರೂ ಹೆಸರಿಡುವಾಗ ಎಡವುತ್ತಾರೆಂಬುದು ನನ್ನಂಥ ಮೇಷ್ಟರಿಗೆ ತುಸು ಸಮಾಧಾನ.

ಯುರೋಪಿನಿಂದ ಹಿಡಿದು ಸೈಬೀರಿಯಾವನ್ನು ದಾಟಿ ಜಪಾನಿನವರೆಗೆ ಈ ಪತಂಗದ ಸಹಜ ನೆಲೆ ಹಬ್ಬಿದೆ. ತರಗತಿಯಲ್ಲಾಗಿದ್ದರೆ ನಾನು ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಒಳಗೆಲ್ಲ ಬಣ್ಣ ತುಂಬಿಬಿಡುತ್ತಿದ್ದೆ. ಮೂವತ್ತು ವರ್ಷ ಹಾಗೆಯೇ ಮಾಡಿದೆ. ಗೆರೆಯನ್ನು ಅಲ್ಲಲ್ಲಿ ಕಡಿದು ಬರೆದ ಮಕ್ಕಳ ಅಂಕ ಕಳೆದದ್ದೂ ಉಂಟು. ಅದು ತಪ್ಪೆಂದು ಈಗ ನನ್ನ ಅಭಿಪ್ರಾಯ.

ಇಂಗ್ಲೆಂಡನ್ನೇ ನೋಡಿ. ಅಲ್ಲಿನ ಕೆಂಟ್ ಪ್ರಾಂತದ ಕಾಡಿನಲ್ಲಿ ಈ ಪತಂಗ ಸಂಸಾರ ಹೂಡಿತ್ತು. ಆಸ್ಪೆನ್ ಮರಗಳನ್ನು ಕಡಿದು, ಮರಮಟ್ಟಿಗಾಗಿ ಸೂಜಿಯೆಲೆಯ ಮರಗಳನ್ನು ನೆಟ್ಟರು. 1960ರ ದಶಕದ ಹೊತ್ತಿಗೆ ಪತಂಗ ಅಲ್ಲಿ ಇಲ್ಲವಾಯಿತು. ಅದನ್ನು ಯಾರೂ ಹಿಡಿದು ಕೊಲ್ಲಬೇಕಾಗಿರಲಿಲ್ಲ. ಆಮೇಲೂ ಆಗಾಗ ಯುರೋಪಿನ ಕಡೆಯಿಂದ ಕಡಲು ದಾಟಿ ಒಂದೆರಡು ಬರುತ್ತಿದ್ದವು. 2000ದ ನಂತರ ದಕ್ಷಿಣ ಇಂಗ್ಲೆಂಡಿನಲ್ಲಿ ಅವು ಮತ್ತೆ ಮೊಟ್ಟೆಯಿಟ್ಟು ನೆಲೆಯೂರಿವೆ. ಮೊಟ್ಟೆಯಾಗಿಯೇ ಚಳಿಗಾಲ ಕಳೆದು, ವಸಂತದಲ್ಲಿ ಮರಿಹುಳು ಹೊರಬಂದಾಗ ಹತ್ತಿರದಲ್ಲಿ ಎಳೆಯ ಚಿಗುರು ಇರಬೇಕು, ಅಷ್ಟೆ.

ಹೀಗಿರುವಾಗ ಇದನ್ನು ಸ್ಥಳೀಯವೆನ್ನಬೇಕೋ ವಲಸೆಯದೆನ್ನಬೇಕೋ ಎಂಬ ವಾದದಲ್ಲಿ ನನಗೆ ಹುರುಳು ಕಾಣದು. ಎರಡೂ ನಿಜ. ಮರವನ್ನು ಬಿಟ್ಟು ಪತಂಗದ ನಕ್ಷೆಯನ್ನಷ್ಟೇ ಬರೆಯುವುದು ಅರ್ಧ ಪಾಠ. ಪತಂಗವನ್ನು ಉಳಿಸಬೇಕೆನ್ನುವವರು ಮೊದಲು ಆಸ್ಪೆನ್ ಎಷ್ಟು ಉಳಿದಿದೆಯೆಂದು ಎಣಿಸಲಿ.

ಪ್ರಶ್ನೆ ಕೇಳಿದವನು ಆ ದೇಶಕ್ಕೆ ಹೋಗಿ ಎರಡು ದಶಕಗಳಾದವು. ಅವನು ಕೇಳಿದ್ದು ಪತಂಗವನ್ನು ಕುರಿತೇ ಇರಬೇಕು. "ಮನೆಯ ಸುತ್ತ ಯಾವ ಮರಗಳಿವೆ, ನೋಡಿ ಬರೆಯಪ್ಪ" ಎಂದು ಉತ್ತರಿಸಿದ್ದೇನೆ.