ತಲೆಸುತ್ತು: ಹಿರಿಯರನ್ನು ಮನೆಯೊಳಗೆ ಕೂರಿಸುತ್ತಿರುವ ಅಲಕ್ಷಿತ ವ್ಯಾಧಿ

ಐರೋಲಿ: ‘ಚಕ್ಕರ್ ಬಂತು’ ಎಂಬ ಮಾತು ನಮ್ಮ ಮನೆಗಳಿಗೆ ಹೊಸದಲ್ಲ. ಊರಿನಲ್ಲಿ ಅದನ್ನು ಪಿತ್ತವೆಂದರು; ಮುಂಬಯಿಗೆ ಬಂದ ಮೇಲೆ ನಾವು ಬಿ.ಪಿ. ಎಂದೋ ಸ್ಪಾಂಡಿಲೈಟಿಸ್ ಎಂದೋ ಕರೆದೆವು. ಹೆಸರು ಬದಲಾದರೂ ಉಪಚಾರ ಬದಲಾಗಲಿಲ್ಲ. ಮೊದಲು ನಿಂಬೆರಸ, ಆಮೇಲೆ ಔಷಧದಂಗಡಿಯ ಮಾತ್ರೆ.

ಥಾಣೆಯಿಂದ ಐರೋಲಿ ಮಾರ್ಗವಾಗಿ ಸಾಗುವ ಲೋಕಲ್ ರೈಲು 2004ರಲ್ಲಿ ಆರಂಭವಾಯಿತು. ಆ ಕಾಲದಲ್ಲಿ ಇಲ್ಲಿ ಮನೆ ಮಾಡಿದ ಕನ್ನಡಿಗರಲ್ಲಿ ಅನೇಕರು ಇಂದು ನಿವೃತ್ತರು. ತಲೆಸುತ್ತು ಕಾಡುವ ಹಿರಿಯರು ಮೊದಲು ರೈಲು ನಿಲ್ದಾಣದ ಮೆಟ್ಟಿಲುಗಳನ್ನು ಬಿಡುತ್ತಾರೆ, ಅನಂತರ ಮಾರುಕಟ್ಟೆಯನ್ನು, ಕೊನೆಗೆ ಸಂಘದ ಕಾರ್ಯಕ್ರಮಗಳನ್ನು. ಬೀಳುವೆನೆಂಬ ಭಯದಿಂದ ನಡಿಗೆ ಕಡಿಮೆಯಾಗುತ್ತದೆ. ನಡಿಗೆ ಕಡಿಮೆಯಾದಂತೆ ಕಾಲಿನ ಬಲ ಕುಂದಿ, ಬೀಳುವ ಸಂಭವ ಇನ್ನೂ ಹೆಚ್ಚುತ್ತದೆ. ಹೊರಗೆ ಗಾಯ ಕಾಣದ ಕಾರಣ ಮನೆಯವರೂ ಇದನ್ನು ವಯೋಸಹಜವೆಂದು ಬಿಟ್ಟುಬಿಡುತ್ತಾರೆ.

ಇದು ಸಣ್ಣ ಸಮಸ್ಯೆಯಲ್ಲ. ಅಮೆರಿಕದಲ್ಲಿ 2001ರಿಂದ 2004ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಸಮತೋಲನ ಪರೀಕ್ಷೆಯಲ್ಲಿ, ನಲವತ್ತು ದಾಟಿದವರ ಪೈಕಿ ಶೇ. 35ರಷ್ಟು ಮಂದಿಯಲ್ಲಿ ದೋಷ ಕಂಡುಬಂದಿತು. ಬೀಳುವಿಕೆಯಿಂದ ವರ್ಷಕ್ಕೆ ಸುಮಾರು 6,84,000 ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ದೇಹದ ಸಮತೋಲನವನ್ನು ಕಣ್ಣು, ಪಾದ-ಕೀಲುಗಳ ಸ್ಪರ್ಶಜ್ಞಾನ ಮತ್ತು ಒಳಕಿವಿ ಒಟ್ಟಾಗಿ ಕಾಯುತ್ತವೆ. ಒಳಕಿವಿಯಲ್ಲಿರುವ ಸುಣ್ಣದ ಸೂಕ್ಷ್ಮ ಹರಳುಗಳು ಸ್ಥಾನ ತಪ್ಪಿ ಅರ್ಧವೃತ್ತಾಕಾರದ ನಾಳಗಳಿಗೆ ಸೇರಿದರೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಅಥವಾ ಅಟ್ಟದ ಕಡೆ ತಲೆಯೆತ್ತಿದಾಗ ಕ್ಷಣಕಾಲ ಲೋಕವೇ ತಿರುಗಿದಂತಾಗುತ್ತದೆ. ತಲೆಸುತ್ತಿನ ಅತಿ ಸಾಮಾನ್ಯ ಕಾರಣಗಳಲ್ಲಿ ಇದೂ ಒಂದು. ಇದನ್ನು ಗುರುತಿಸುವ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ 1952ರಿಂದಲೂ ಇದೆ. ಅದಕ್ಕೆ ಒಂದು ಮಂಚ ಸಾಕು. ತಲೆಯನ್ನು ಕ್ರಮವಾಗಿ ಹೊರಳಿಸಿ ಹರಳುಗಳನ್ನು ಹಿಂದಿರುಗಿಸುವ ವಿಧಾನವನ್ನು ಡಾ. ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದರು. ಬಹುತೇಕ ರೋಗಿಗಳಿಗೆ ಒಂದೆರಡು ಬಾರಿಯಲ್ಲೇ ಗುಣ ಕಾಣುತ್ತದೆ. ಹೀಗಿದ್ದೂ ತಿಂಗಳುಗಟ್ಟಲೆ ಮಾತ್ರೆ ನುಂಗುವವರು ನಮ್ಮ ನಡುವೆ ಇದ್ದಾರೆ. ತಲೆಸುತ್ತನ್ನು ಅಡಗಿಸುವ ಮಾತ್ರೆಗಳು ಮೊದಲ ಕೆಲವು ದಿನಗಳಿಗೆ ನೆರವಾದಾವು. ದೀರ್ಘಕಾಲ ಸೇವಿಸಿದರೆ ಮಿದುಳು ತಾನಾಗಿ ಹೊಂದಿಕೊಳ್ಳುವುದು ತಡವಾಗುತ್ತದೆ. ಸಿನ್ನರಿಜಿನ್‌ನಂಥ ಔಷಧಿಯಿಂದ ವೃದ್ಧರಲ್ಲಿ ನಡುಕವೂ ಕಾಣಿಸಿಕೊಳ್ಳಬಹುದು. ಆದುದರಿಂದ ಔಷಧಿಯನ್ನು ಮುಂದುವರಿಸುವುದು, ಬಿಡುವುದು ಎರಡೂ ವೈದ್ಯರ ಸಲಹೆಯಂತೆಯೇ ಆಗಬೇಕು.

ಒಳಕಿವಿಯ ನರದ ಉರಿಯೂತ, ಮೆನಿಯರ್ ರೋಗ, ಮೈಗ್ರೇನ್ ಇವೂ ತಲೆಸುತ್ತಿಗೆ ಕಾರಣವಾಗುತ್ತವೆ. ಮಾತು ತೊದಲುವುದು, ಎರಡೆರಡಾಗಿ ಕಾಣುವುದು, ಮುಖ ಅಥವಾ ಕೈಕಾಲು ಬಲಹೀನವಾಗುವುದು, ನಿಲ್ಲಲೂ ಆಗದಿರುವುದು ಇದ್ದರೆ ಅದು ಪಾರ್ಶ್ವವಾಯುವಿನ ಸೂಚನೆಯಾಗಿರಬಹುದು. ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಸರಕಾರದ ನೀತಿಯಲ್ಲೂ ಈ ವ್ಯಾಧಿಗೆ ಸ್ಥಾನ ಸಿಕ್ಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಶ್ರವಣದೋಷ ಅದರಲ್ಲಿದೆ, ಒಳಕಿವಿಯ ಸಮತೋಲನ ದೋಷದ ಹೆಸರಿಲ್ಲ. 2024ರ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತ ಯೋಜನೆಯನ್ನು 70 ದಾಟಿದ ಎಲ್ಲರಿಗೂ ವಿಸ್ತರಿಸಿದ್ದು ಸ್ವಾಗತಾರ್ಹ. ಆದರೆ ಅದರ ನೆರವು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ತಲೆಸುತ್ತಿನ ಪರೀಕ್ಷೆ ಮತ್ತು ವ್ಯಾಯಾಮ ಚಿಕಿತ್ಸೆ ಹೆಚ್ಚಾಗಿ ಹೊರರೋಗಿ ವಿಭಾಗದಲ್ಲೇ ನಡೆಯುವಂಥವು. ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ದೊರೆಯುವ ಸಹಾಯ, ಬೀಳದಂತೆ ತಡೆಯಲು ದೊರೆಯದಿರುವುದು ವಿಪರ್ಯಾಸವೇ ಸರಿ.

ಸರಕಾರವನ್ನು ಕಾಯುತ್ತ ಕೂರಬೇಕಾಗಿಲ್ಲ. ನಮ್ಮ ಸಂಘ-ಸಂಸ್ಥೆಗಳ ಆರೋಗ್ಯ ಶಿಬಿರಗಳಲ್ಲಿ ಬಿ.ಪಿ., ಸಕ್ಕರೆ ತಪಾಸಣೆಯ ಜೊತೆಗೆ ಕಿವಿ-ಮೂಗು-ಗಂಟಲು ತಜ್ಞರನ್ನೂ ಶ್ರವಣತಜ್ಞರನ್ನೂ ಆಮಂತ್ರಿಸಬಹುದು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತವರು ದೇಶದುದ್ದಕ್ಕೂ ಇದ್ದಾರೆ. ಹೌಸಿಂಗ್ ಸೊಸೈಟಿಗಳು ಮೆಟ್ಟಿಲಿಗೆ ಕೈಹಿಡಿ, ಸಾಕಷ್ಟು ಬೆಳಕು ಒದಗಿಸಲಿ. ಮನೆಯವರು ಬಚ್ಚಲಿಗೆ ಜಾರದ ಚಾಪೆ ಹಾಸಲಿ. ಎಲ್ಲಕ್ಕಿಂತ ಮೊದಲು, ಅಪ್ಪ-ಅಮ್ಮ ‘ಯಾಕೋ ತಲೆ ತಿರುಗುತ್ತದೆ’ ಎಂದಾಗ ‘ವಯಸ್ಸಾಯಿತಲ್ಲ’ ಎಂದು ಮಾತು ಮುಗಿಸದೆ, ಯಾವಾಗ, ಎಷ್ಟು ಹೊತ್ತು, ಹೇಗೆ ಎಂದು ವಿಚಾರಿಸೋಣ. ವೈದ್ಯರೂ ಮೊದಲು ಕೇಳುವುದು ಅದನ್ನೇ.